ನಗದಿಲ್ಲದ ಅರ್ಹತಾ ಪಂದ್ಯಕ್ಕೆ ಯಾರು ಬರುತ್ತಾರೆ?

ಅಮೆರಿಕದ ಟೆನೆಸಿ ರಾಜ್ಯದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ (ಮನೆತನದ ಹೆಸರೇ ಅದು, ಪತ್ರಿಕೆಯವರು ಇಟ್ಟ ಅಡ್ಡಹೆಸರಲ್ಲ) 2003ರಲ್ಲಿ 86 ಡಾಲರ್ ಕಟ್ಟಿ ಆನ್‌ಲೈನ್ ಪೋಕರ್‌ನ ಅರ್ಹತಾ ಪಂದ್ಯವೊಂದಕ್ಕೆ ಕೂತರು. ಅದನ್ನು ಗೆದ್ದು ಮುಂದಿನ ಮೆಟ್ಟಿಲಿಗೆ ಬಂದರು. ಅಲ್ಲಿ ಮೊದಲ ಮೂವರಿಗೆ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಟೂರ್ನಿಗೆ ಪ್ರವೇಶ, ನಾಲ್ಕನೆಯವರಿಗೆ 8,000 ಡಾಲರ್ ನಗದು. ಮನಿಮೇಕರ್‌ಗೆ ಬೇಕಾಗಿದ್ದದ್ದು ನಾಲ್ಕನೆಯ ಸ್ಥಾನ. ಮೈಮೇಲೆ ಸಾಲವಿತ್ತು, ದುಡ್ಡು ಕೈಗೆ ಬಂದರೆ ಸಾಕಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಗೆಳೆಯನೊಬ್ಬ ದುಡ್ಡು ಹಾಕಿ ಅರ್ಧ ಪಾಲು ಕೊಳ್ಳುತ್ತೇನೆಂದು ಮಾತು ಕೊಟ್ಟ ಮೇಲೆ ಮನಸ್ಸು ಬದಲಿಸಿ ಪ್ರವೇಶವನ್ನೇ ಗೆದ್ದರು. 839 ಜನರಿದ್ದ ಆ ಟೂರ್ನಿಯಲ್ಲಿ ಮೊದಲಿಗರಾಗಿ 25 ಲಕ್ಷ ಡಾಲರ್ ಮನೆಗೆ ಒಯ್ದರು. ಮರುವರ್ಷ ಅದೇ ಟೂರ್ನಿಗೆ 2,576 ಜನ ಬಂದರು, 2006ರಲ್ಲಿ 8,773.

ಕಾರ್ಡ್ ಆಟದ ಅರ್ಹತಾ ಪಂದ್ಯಗಳಿಗೆ ನಗದು ಬಹುಮಾನ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಎರಡೂ ಪಕ್ಷದವರು ಈ ಕತೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ನಗದು ಇದ್ದುದರಿಂದಲೇ ಅವರು ಅಷ್ಟು ಚೆನ್ನಾಗಿ ಆಡಿದರು ಎನ್ನಬಹುದು. ನಗದೇ ಅವರನ್ನು ಗೆಲುವಿನಿಂದ ತಪ್ಪಿಸುವುದರಲ್ಲಿತ್ತು ಎಂದೂ ಹೇಳಬಹುದು. ನನಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಆದರೆ ಪೋಕರ್‌ನಿಂದ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದು. ಅಲ್ಲಿನ ಪ್ರವೇಶಕ್ಕೆ 10,000 ಡಾಲರ್ ಎಂಬ ಬೆಲೆ ಇದೆ. ಅದನ್ನು ಗೆಲ್ಲುವುದೆಂದರೆ ದುಡ್ಡನ್ನೇ ಬೇರೆ ರೂಪದಲ್ಲಿ ಗೆದ್ದ ಹಾಗೆ. ನಿಜವಾದ ಪರೀಕ್ಷೆ ಇರುವುದು ಮೇಲಿನ ಪಂದ್ಯದಲ್ಲಿ ಆಡುವ ಹಕ್ಕಿನ ಹೊರತು ಬೇರೇನೂ ಸಿಗದ ಕಡೆ, ಆ ಹಕ್ಕನ್ನು ಮಾರಲೂ ಆಗದ ಕಡೆ.

ಅಂಥ ಪರೀಕ್ಷೆ ಅತ್ಯಂತ ದೀರ್ಘವಾಗಿ ನಡೆದದ್ದು ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಆಟದಲ್ಲಿ. ಗಣಿತದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದ ಆಟ ಅದು. ನಮ್ಮ ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟು ಅಲ್ಲ. ಆಟಗಾರರು ಪ್ಯಾಕೆಟ್ಟುಗಳಲ್ಲಿ ಬರುವ ಕಾರ್ಡುಗಳನ್ನು ಕೊಂಡು, ಸಾವಿರಾರು ಬಗೆಗಳಲ್ಲಿ ಆರಿಸಿ, ತಮ್ಮದೇ ಅರವತ್ತು ಕಾರ್ಡಿನ ಡೆಕ್ ಕಟ್ಟಿಕೊಂಡು ಬರುತ್ತಾರೆ. 1996ರಲ್ಲಿ ನ್ಯೂಯಾರ್ಕಿನಲ್ಲಿ ಈ ಆಟದ ವೃತ್ತಿಪರ ಟೂರ್ನಿಯಾದ ಪ್ರೊ ಟೂರ್ ಮೊದಲ ಬಾರಿಗೆ ನಡೆಯಿತು. ಅಲ್ಲಿ ನಗದು ಇತ್ತು. ಅಲ್ಲಿಗೆ ಹೋಗುವ ದಾರಿಯಾಗಿ ಬೆಳೆದ ಪ್ರೊ ಟೂರ್ ಅರ್ಹತಾ ಪಂದ್ಯಗಳಲ್ಲಿ ಮಾತ್ರ ಮುಖ್ಯ ಬಹುಮಾನ ಒಂದೇ: ಗೆದ್ದ ಒಬ್ಬರಿಗೆ ಆಹ್ವಾನ, ಜೊತೆಗೆ ವಿಮಾನದ ಟಿಕೆಟ್ಟು ಅಥವಾ ಪ್ರಯಾಣದ ಹಣ. ಎರಡನೆಯವರಿಂದ ಕೆಳಗೆ ಕಾರ್ಡಿನ ಪ್ಯಾಕೆಟ್ಟುಗಳು.

ಲೆಕ್ಕ ಹಾಕಿ ನೋಡಿ. ನೂರೈವತ್ತು ಜನ ಬಂದರು ಎಂದುಕೊಳ್ಳೋಣ. ಬೆಳಿಗ್ಗೆಯಿಂದ ಎಂಟು ಸುತ್ತು. ಮೊದಲ ಎಂಟರಲ್ಲಿ ಉಳಿದವರಿಗೆ ರಾತ್ರಿ ಇನ್ನೂ ಮೂರು. ಎಲ್ಲರೂ ಸಮಬಲದವರಾದರೆ ಒಬ್ಬೊಬ್ಬರಿಗೆ ಗೆಲ್ಲುವ ಅವಕಾಶ ನೂರಕ್ಕೆ ಒಂದಕ್ಕಿಂತ ಕಡಿಮೆ. ಪ್ರವೇಶ ಶುಲ್ಕ, ಪೆಟ್ರೋಲು, ಊಟ, ನೂರಾರು ಡಾಲರಿನ ಡೆಕ್, ಒಂದು ಇಡೀ ಶನಿವಾರ ಇವುಗಳ ಎದುರು ಇಟ್ಟರೆ ಈ ವ್ಯಾಪಾರ ಯಾವ ಅಂಗಡಿಯವನಿಗೂ ಒಪ್ಪಿಗೆಯಾಗದು. ಆದರೂ ಹತ್ತೊಂಬತ್ತು ವರ್ಷ ಜನ ಬಂದರು. ಪಕ್ಕದ ರಾಜ್ಯದಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು, ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗಿ ಬಂದರು. ನಗದಿಲ್ಲದೆ ಆಟಗಾರರು ಬರುವುದಿಲ್ಲ ಎನ್ನುವವರು ಮೊದಲು ಈ ಹತ್ತೊಂಬತ್ತು ವರ್ಷಗಳಿಗೆ ಉತ್ತರ ಹೇಳಬೇಕು.

2015ರ ಹೊತ್ತಿಗೆ ವ್ಯವಸ್ಥೆ ಬದಲಾಯಿತು. ಒಂದು ಮೆಟ್ಟಿಲಿದ್ದದ್ದು ಎರಡಾಯಿತು. ಊರಿನ ಅಂಗಡಿಯಲ್ಲಿ ಪೂರ್ವಭಾವಿ ಪಂದ್ಯ. ಅದನ್ನು ಗೆದ್ದವರಿಗೆ ಪ್ರಾದೇಶಿಕ ಅರ್ಹತಾ ಪಂದ್ಯದಲ್ಲಿ ಆಡುವ ಹಕ್ಕು ಮಾತ್ರ. ಅಲ್ಲಿ ಮೇಲೆ ಬಂದ ಕೆಲವರಿಗೆ ಪ್ರೊ ಟೂರ್. ಪಂದ್ಯಗಳ ಸಂಖ್ಯೆ ಹೆಚ್ಚಿತು, ಮನೆಯ ಹತ್ತಿರವೇ ಬಂತು. ಕಂಪನಿಯ ದೃಷ್ಟಿಯಿಂದ ಇದು ಅನುಕೂಲವೇ. ಆಟಗಾರರು ಮಾತ್ರ ಗೊಣಗಿದರು. ಆ ಗೊಣಗಾಟದ ತಿರುಳು ಗಮನಿಸಬೇಕಾದದ್ದು. ಹಳೆಯ ಪಂದ್ಯದಲ್ಲೂ ನಗದು ಇರಲಿಲ್ಲ, ಹೊಸದರಲ್ಲೂ ಇರಲಿಲ್ಲ. ಆ ಲೆಕ್ಕದಲ್ಲಿ ಯಾರೂ ಏನನ್ನೂ ಕಳೆದುಕೊಂಡಿರಲಿಲ್ಲ. ಕಳೆದುಹೋದದ್ದು ಒಂದೇ ದಿನದಲ್ಲಿ ಬದುಕು ಬದಲಾಗಬಹುದೆಂಬ ಆಸೆ. ಶನಿವಾರ ರಾತ್ರಿ ಗೆದ್ದವನು ‘ನಾನು ಪ್ರೊ ಟೂರ್‌ಗೆ ಹೋಗುತ್ತಿದ್ದೇನೆ’ ಎಂದು ಮನೆಗೆ ಫೋನು ಮಾಡಬಹುದಿತ್ತು. ಈಗ ‘ಇನ್ನೊಂದು ಪಂದ್ಯಕ್ಕೆ ಹೋಗುವ ಅರ್ಹತೆ ಸಿಕ್ಕಿದೆ’ ಎನ್ನಬೇಕು. ಅಷ್ಟಕ್ಕೇ ಹಿಗ್ಗುವವರು ಕಡಿಮೆ.

ದುಡ್ಡಿನ ವಿಷಯಕ್ಕೆ ನಿಜವಾದ ಗಲಾಟೆ ಎದ್ದದ್ದು 2016ರ ಏಪ್ರಿಲ್‌ನಲ್ಲಿ, ಅದೂ ಅರ್ಹತಾ ಪಂದ್ಯದ ಬಗ್ಗೆ ಅಲ್ಲ. ಪ್ಲಾಟಿನಂ ಶ್ರೇಣಿಯ ವೃತ್ತಿಪರ ಆಟಗಾರರಿಗೆ ಪ್ರತಿ ಪ್ರೊ ಟೂರ್‌ಗೆ ಹಾಜರಾದುದಕ್ಕೆ ಸಿಗುತ್ತಿದ್ದ 3,000 ಡಾಲರನ್ನು 250ಕ್ಕೆ ಇಳಿಸುತ್ತೇವೆ ಎಂದು ಕಂಪನಿ ಪ್ರಕಟಿಸಿತು. ಆಟದ ಲೋಕವೆಲ್ಲ ತಿರುಗಿಬಿತ್ತು. ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಮಜವೆಂದರೆ ಕೂಗಿದವರಲ್ಲಿ ಹೆಚ್ಚಿನವರಿಗೆ ಆ ಮೂರು ಸಾವಿರದಲ್ಲಿ ಒಂದು ಡಾಲರೂ ಎಂದೂ ಸಿಗುವಂತಿರಲಿಲ್ಲ. ಆದರೆ ಅವರು ವಾರವಾರ ಏಣಿ ಹತ್ತಲು ಯತ್ನಿಸುತ್ತಿದ್ದದ್ದು ಮೇಲ್ಗಡೆ ಏನೋ ಇದೆ ಎಂಬ ನಂಬಿಕೆಯಿಂದ. ಅಟ್ಟದ ಮೇಲಿನ ಸಾಮಾನು ತೆಗೆದರೆ ಏಣಿಯ ಕೆಳಗೆ ನಿಂತವನಿಗೂ ಬೇಸರವಾಗುತ್ತದೆ. ಮೊದಲಿಂದಲೂ ಕೊಡದೇ ಇರುವುದು ಬೇರೆ, ಕೊಟ್ಟು ಕಿತ್ತುಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ಮರೆತು ನಡೆಸುವ ಚರ್ಚೆಯೆಲ್ಲ ದಾರಿ ತಪ್ಪುತ್ತದೆ.

ಮುಂದಿನ ಅಧ್ಯಾಯ ಇನ್ನೂ ಪಾಠ ಕಲಿಸುವಂಥದು. 2018ರ ಕೊನೆಯಲ್ಲಿ ಅದೇ ಕಂಪನಿ ಮರುವರ್ಷಕ್ಕೆ ಒಂದು ಕೋಟಿ ಡಾಲರ್ ಬಹುಮಾನ ಘೋಷಿಸಿತು. 32 ಆಟಗಾರರನ್ನು ಆರಿಸಿ ಲೀಗ್ ಕಟ್ಟಿ ತಲಾ 75,000 ಡಾಲರಿನ ಒಪ್ಪಂದ ಕೊಟ್ಟಿತು. ಆಟ ಹಿಂದೆಂದೂ ಕಾಣದಷ್ಟು ದುಡ್ಡು. ಆದರೆ ಅದೆಲ್ಲ ಮೇಲ್ಗಡೆ ಗುಡ್ಡೆಯಾಯಿತು. ಕೆಳಗಿನಿಂದ ಅಲ್ಲಿಗೆ ಹೋಗುವ ದಾರಿ ಸಾಮಾನ್ಯ ಆಟಗಾರನಿಗೆ ಸರಿಯಾಗಿ ಅರ್ಥವೂ ಆಗಲಿಲ್ಲ. ನಡುವೆ ಕೊರೊನಾ ಬಂತು. 2021ರ ಮೇ ತಿಂಗಳಲ್ಲಿ ಆ ಲೀಗ್ ವ್ಯವಸ್ಥೆಯನ್ನೇ ಮುಗಿಸುವುದಾಗಿ ಕಂಪನಿ ಹೇಳಿತು. 2022ರಲ್ಲಿ ಹಳೆಯದನ್ನೇ ಹೋಲುವ ಏಣಿ ಮರಳಿತು: ಅಂಗಡಿಯಲ್ಲಿ ಅರ್ಹತಾ ಪಂದ್ಯ, ನಂತರ ಪ್ರಾದೇಶಿಕ ಚಾಂಪಿಯನ್‌ಶಿಪ್, ಅಲ್ಲಿಂದ ಪ್ರೊ ಟೂರ್. ಅಂಗಡಿಯ ಪಂದ್ಯಕ್ಕೆ ಕಂಪನಿ ಕೊಡುವುದು ಆಹ್ವಾನ ಮತ್ತು ವಿಶೇಷವಾಗಿ ಮುದ್ರಿಸಿದ ಕಾರ್ಡು. ನಗದು ಕೊಡಬೇಕೋ ಪ್ಯಾಕೆಟ್ಟು ಕೊಡಬೇಕೋ ಅಂಗಡಿಯವರ ಇಷ್ಟ. ಅಂಗಡಿಗಳು ಇಂದಿಗೂ ಎರಡೂ ದಾರಿಯಲ್ಲಿ ಪಂದ್ಯ ನಡೆಸುತ್ತಿವೆ.

ಮ್ಯಾಜಿಕ್ ಬಿಟ್ಟು ಪಕ್ಕದ ಮನೆಗೆ ಹೋದರೆ ಚಿತ್ರ ಇನ್ನೂ ಸ್ಪಷ್ಟ. ಜಪಾನಿನ ಕೊನಾಮಿ ಕಂಪನಿಯ ಯು-ಗಿ-ಓ ಆಟದಲ್ಲಿ ನಗದು ಬಹುಮಾನದ ಪದ್ಧತಿಯೇ ಇಲ್ಲ. ವಿಶ್ವ ಚಾಂಪಿಯನ್‌ಗೂ ದುಡ್ಡಿಲ್ಲ, ಅಪರೂಪದ ಬಹುಮಾನ ಕಾರ್ಡು. 2012ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಆ ಆಟದ ಟೂರ್ನಿಗೆ 4,364 ಜನ ಬಂದದ್ದು ಗಿನ್ನೆಸ್ ದಾಖಲೆಯಾಗಿತ್ತು. ಇಷ್ಟಕ್ಕೇ ‘ನೋಡಿ, ದುಡ್ಡು ಬೇಡವೇ ಬೇಡ’ ಎಂದು ಕುಣಿಯಬೇಕಾಗಿಲ್ಲ. ಆ ಬಹುಮಾನ ಕಾರ್ಡುಗಳನ್ನು ಸಂಗ್ರಹಕಾರರು ಸಾವಿರಾರು ಡಾಲರಿಗೆ ಕೊಳ್ಳುತ್ತಾರೆ. ಮುಂಬಾಗಿಲಲ್ಲಿ ಇಲ್ಲದ ನಗದು ಹಿತ್ತಿಲ ಬಾಗಿಲಲ್ಲಿ ಇದೆ. ಆದರೆ ಅದೂ ತೀರ ಮೇಲೆ ಬಂದ ಬೆರಳೆಣಿಕೆಯವರಿಗೆ. ನಾಲ್ಕು ಸಾವಿರದ ಉಳಿದವರು ಬಂದದ್ದು ಬೇರೆ ಯಾವುದಕ್ಕೋ.

ಹಿತ್ತಿಲ ಬಾಗಿಲೂ ಇಲ್ಲದ ಆಟ ಬೇಕಿದ್ದರೆ ನೆಟ್‌ರನ್ನರ್ ಇದೆ. ಗಾರ್ಫೀಲ್ಡ್ ಅವರೇ 1996ರಲ್ಲಿ ರೂಪಿಸಿದ್ದ ಆಟ 2012ರಲ್ಲಿ ಹೊಸ ರೂಪದಲ್ಲಿ ಬಂದಿತು. ಪ್ರತಿ ಪೆಟ್ಟಿಗೆಯಲ್ಲೂ ಎಲ್ಲರಿಗೂ ಅವೇ ಕಾರ್ಡುಗಳು ಸಿಗುತ್ತಿದ್ದುದರಿಂದ ಅಪರೂಪದ ಕಾರ್ಡಿನ ಸಂತೆ ಬೆಳೆಯಲಿಲ್ಲ. ಅರ್ಹತಾ ಪಂದ್ಯ ಗೆದ್ದರೆ ಮೇಲಿನ ಪಂದ್ಯದಲ್ಲಿ ಮೊದಲ ಸುತ್ತಿಗೆ ಬೈ, ಅಂದರೆ ಆಡದೆಯೇ ಗೆಲುವು. ಜೊತೆಗೆ ಆಟದ ಹಾಸು, ಬೇರೆ ಚಿತ್ರದ ಕಾರ್ಡು. ವಿಶ್ವ ಚಾಂಪಿಯನ್‌ಗೆ ತನ್ನದೊಂದು ಕಾರ್ಡನ್ನು ವಿನ್ಯಾಸ ಮಾಡುವ ಅವಕಾಶ. 2018ರಲ್ಲಿ ಪರವಾನಗಿ ಮುಗಿದು ಪ್ರಕಾಶಕರು ಕೈಬಿಟ್ಟಾಗ ಆಟ ಸಾಯಬೇಕಿತ್ತು. ಆಟಗಾರರೇ ಸ್ವಯಂಸೇವಕರಾಗಿ ಸಂಘ ಕಟ್ಟಿ ಹೊಸ ಕಾರ್ಡು ಮುದ್ರಿಸಿದರು, ವಿಶ್ವ ಚಾಂಪಿಯನ್‌ಶಿಪ್‌ಗಳನ್ನೂ ನಡೆಸಿದರು. ದುಡ್ಡು ಕೊಡುವ ಕಂಪನಿ ಹೋದ ಮೇಲೂ ಪಂದ್ಯ ನಿಲ್ಲಲಿಲ್ಲ.

ಕಾರ್ಡಿನ ಮೇಲೆ ತನ್ನ ಗುರುತು ಉಳಿಸುವ ಈ ಬಹುಮಾನ ಮ್ಯಾಜಿಕ್‌ನಲ್ಲೂ ಇತ್ತು. ಆಹ್ವಾನಿತರ ಟೂರ್ನಿಯನ್ನು ಗೆದ್ದ ಕ್ರಿಸ್ ಪಿಕುಲಾ, ಜಾನ್ ಫಿಂಕೆಲ್, ಬಾಬ್ ಮಹರ್ ಅವರ ಮುಖಗಳನ್ನು ಹೊತ್ತ ಕಾರ್ಡುಗಳು ಅಚ್ಚಾದವು. ಮಹರ್ ಅವರ ‘ಡಾರ್ಕ್ ಕಾನ್ಫಿಡಾಂಟ್’ ಕಾರ್ಡನ್ನು ಅವರ ಹೆಸರೇ ಗೊತ್ತಿಲ್ಲದ ಹುಡುಗರು ಇಂದಿಗೂ ‘ಬಾಬ್’ ಎಂದೇ ಕರೆಯುತ್ತಾರೆ. ಇದರ ಬೆಲೆ ಎಷ್ಟು ಡಾಲರ್ ಎಂದು ಯಾರು ಹೇಳಬಲ್ಲರು?

ಬ್ರಿಜ್ ಆಟದ ಮುಂದೆ ಮಾತ್ರ ಇವೆಲ್ಲ ನಿನ್ನೆಮೊನ್ನೆಯವು. 1937ರಲ್ಲಿ ಹುಟ್ಟಿದ ಅಮೆರಿಕನ್ ಕಾಂಟ್ರ್ಯಾಕ್ಟ್ ಬ್ರಿಜ್ ಲೀಗ್ ಇಷ್ಟು ದಶಕ ತನ್ನ ಸದಸ್ಯರನ್ನು ಆಡಿಸಿದ್ದು ಮಾಸ್ಟರ್‌ಪಾಯಿಂಟ್ ಎಂಬ ಅಂಕಗಳ ಮೇಲೆ. ಅದನ್ನು ಬ್ಯಾಂಕಿನಲ್ಲಿ ಕಟ್ಟಲಾಗದು, ಮಾರಲಾಗದು. ನಿವೃತ್ತ ಮೇಷ್ಟ್ರು, ಡಾಕ್ಟರು, ವಕೀಲರು ಅಂಥ ಕಾಲು ಅಂಕಕ್ಕಾಗಿ ಊರೂರು ತಿರುಗುತ್ತಾರೆ. 1950ರಿಂದ ನಡೆಯುತ್ತಿರುವ ಬರ್ಮುಡಾ ಬೌಲ್ ವಿಶ್ವ ಟೂರ್ನಿಯ ಆಕರ್ಷಣೆ ಹೆಸರೇ ಹೊರತು ನಗದಲ್ಲ. ಇಲ್ಲೂ ದುಡ್ಡು ಬೇರೆ ದಾರಿಯಿಂದ ಬಂದಿದೆ. 1968ರಲ್ಲಿ ಡಲ್ಲಾಸ್‌ನ ಉದ್ಯಮಿ ಐರಾ ಕಾರ್ನ್ ಸಂಬಳ ಕೊಟ್ಟು ಪೂರ್ಣಾವಧಿ ತಂಡ ಕಟ್ಟಿದರು. ಅಂದಿನಿಂದ ಶ್ರೀಮಂತ ಆಟಗಾರರು ಪರಿಣತರನ್ನು ಕೂಲಿಗೆ ಕರೆದುಕೊಂಡು ತಂಡ ಮಾಡುವುದು ಮಾಮೂಲು. ಅಂದರೆ ಅಲ್ಲಿ ದುಡ್ಡು ಬರುವುದು ಟೂರ್ನಿ ನಡೆಸುವವರಿಂದ ಅಲ್ಲ, ಜೊತೆಗೆ ಆಡುವವರಿಂದ. ನಮ್ಮ ದೇಶದಲ್ಲಿ ದೊಡ್ಡ ನಗದಿನ ಬ್ರಿಜ್ ಟೂರ್ನಿಗಳೂ ಇವೆ. ಆದರೂ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದ 60ರ ಪ್ರಣಬ್ ಬರ್ಧನ್ ಮತ್ತು 56ರ ಶಿಬನಾಥ್ ಸರ್ಕಾರ್ ಆ ಮೇಜಿನವರೆಗೆ ಹೋದದ್ದು ದೇಶದ ಬಣ್ಣ ತೊಡುವ ಆಸೆಯಿಂದ. ಅದೇ ಕೂಟದಲ್ಲಿ ಪ್ರದರ್ಶನ ಆಟವಾಗಿದ್ದ ಹಾರ್ತ್‌ಸ್ಟೋನ್ ಎಂಬ ಕಂಪ್ಯೂಟರ್ ಕಾರ್ಡ್ ಆಟದಲ್ಲಿ ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಕಂಚು ಗೆದ್ದರು. ಅದು ಪದಕಪಟ್ಟಿಗೂ ಸೇರಲಿಲ್ಲ.

ಬ್ರಿಜ್ ನಗದಿಲ್ಲದೆ ಬದುಕಿದ್ದಕ್ಕೆ ಒಂದು ಗಟ್ಟಿ ಕಾರಣವಿದೆ, ಅದು ಆಟದ ಕಟ್ಟಡದಲ್ಲೇ ಇದೆ. ಟೂರ್ನಿಯ ಬ್ರಿಜ್‌ನಲ್ಲಿ ಒಂದೇ ಹಂಚಿಕೆಯ ಎಲೆಗಳು ಮೇಜಿನಿಂದ ಮೇಜಿಗೆ ಹೋಗುತ್ತವೆ. ಅದೇ ಎಲೆ ಹಿಡಿದು ಬೇರೆ ಮೇಜಿನವರು ಏನು ಮಾಡಿದರು ಎಂಬುದಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ‘ನನಗೆ ಎಲೆ ಬರಲಿಲ್ಲ’ ಎಂಬ ನೆಪಕ್ಕೆ ಜಾಗವಿಲ್ಲ. ಗೆಲುವೇ ಏನನ್ನೋ ಸಾಬೀತು ಮಾಡುವುದರಿಂದ ಅದಕ್ಕೆ ನೋಟಿನ ಸಾಕ್ಷಿ ಬೇಡ. ರಮ್ಮಿಯನ್ನು ಇದರ ಪಕ್ಕದಲ್ಲಿ ಇಡಿ. ಎಲೆ ಕೆಟ್ಟದಾಗಿ ಬಂದರೆ ಮೊದಲೇ ಡ್ರಾಪ್ ಮಾಡಿ 20 ಪಾಯಿಂಟ್ ಹೊರಬೇಕೋ, ಎರಡು ಕೈ ನೋಡಿ 40ಕ್ಕೆ ಇಳಿಯಬೇಕೋ, ಧೈರ್ಯ ಮಾಡಿ 80ರ ಅಪಾಯಕ್ಕೆ ನಿಲ್ಲಬೇಕೋ ಎಂಬ ಲೆಕ್ಕಾಚಾರವೇ ಆ ಆಟದ ಜೀವ. ಪಾಯಿಂಟಿಗೆ ಬೆಲೆಯೇ ಇಲ್ಲದಿದ್ದರೆ ಡ್ರಾಪ್ ಯಾರು ಮಾಡುತ್ತಾರೆ? ಎಲ್ಲರೂ ಕೊನೆಯವರೆಗೆ ಕೂರುತ್ತಾರೆ, ಆಟ ಸಪ್ಪೆಯಾಗುತ್ತದೆ. ಪೋಕರ್‌ನ ಬ್ಲಫ್‌ಗೂ ಇದೇ ಮಾತು. ಟೂರ್ನಿಯ ರೂಪ ಕೊಟ್ಟು, ಚಿಪ್ಪು ಮುಗಿದವರು ಹೊರಗೆ ಎಂದು ಮಾಡಿದರೆ ಆ ಬಿಗಿ ಸ್ವಲ್ಪ ಮರಳುತ್ತದೆ. ಮಕ್ಕಳ ಕತ್ತೆ ಆಟದಲ್ಲಿ ಕಾಸಿಲ್ಲ; ಕೊನೆಗೆ ಎಲೆ ಉಳಿದವನನ್ನು ಎಲ್ಲರೂ ಕತ್ತೆ ಎನ್ನುತ್ತಾರೆ, ಅಷ್ಟು ಪಣ ಸಾಕು.

ಹಣವಿಲ್ಲದ ರಮ್ಮಿ ನಮ್ಮಲ್ಲಿ ಈಗ ಬರೀ ತರ್ಕದ ಮಾತಾಗಿ ಉಳಿದಿಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ ಎಂದು ಮಾನ್ಯವಾದ ಸ್ಪರ್ಧೆಗಳಿಗೆ ಮಾತ್ರ ಪ್ರವೇಶ ಶುಲ್ಕ, ಸಾಧನೆಗೆ ತಕ್ಕ ಬಹುಮಾನ ಎರಡಕ್ಕೂ ಅವಕಾಶ ಉಳಿಸಿತು. ರಮ್ಮಿ, ಪೋಕರ್ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕೆಲವು ಉಚಿತ ಆಟಕ್ಕೆ ತಿರುಗಿದವು. ಅವುಗಳ ಗಿರಾಕಿಗಳಲ್ಲಿ ಆಟಗಾರರೆಷ್ಟು, ಪಣದ ಚಟಕ್ಕೆ ಬಂದವರೆಷ್ಟು ಎಂಬುದು ಈಗ ತನ್ನಿಂದ ತಾನೇ ಬೇರ್ಪಡುತ್ತದೆ. ಬೇರ್ಪಡಲಿ ಎಂಬುದೇ ನನ್ನ ಅಭಿಪ್ರಾಯ.

ಹಾಗಾದರೆ ಚೂರುಪಾರು ನಗದಾದರೂ ಇಟ್ಟರೆ ಕೆಡುಕೇನು ಎಂದು ಕೇಳಬಹುದು. ಕೆಡುಕಿದೆ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಸ್ರೇಲಿನ ಹೈಫಾ ವಿದ್ಯಾರ್ಥಿಗಳಿಗೆ 50 ಪ್ರಶ್ನೆ ಕೊಟ್ಟಿದ್ದರು. ಸರಿಯುತ್ತರಕ್ಕೆ ಪ್ರತ್ಯೇಕ ಹಣವಿಲ್ಲದ ಗುಂಪು ಸರಾಸರಿ 28 ಬಿಡಿಸಿತು. ಒಂದೊಂದು ಉತ್ತರಕ್ಕೂ ಪುಡಿಗಾಸು ಪಡೆದ ಗುಂಪು 23ಕ್ಕೆ ಇಳಿಯಿತು. ಚೆನ್ನಾಗಿ ಕೊಟ್ಟ ಗುಂಪು 34ಕ್ಕೆ ಏರಿತು. ಕೊಟ್ಟರೆ ಸರಿಯಾಗಿ ಕೊಡಬೇಕು, ಇಲ್ಲವೇ ಕೊಡಲೇಬಾರದು ಎಂಬುದು ಅವರ ತೀರ್ಮಾನ. ನಾಲ್ಕನೆಯ ಸ್ಥಾನಕ್ಕೆ ಐನೂರು ರೂಪಾಯಿ ಎಂದು ಬರೆದ ಕ್ಷಣ ಆಟಗಾರ ತನ್ನ ಇಡೀ ದಿನದ ಕೂಲಿ ಲೆಕ್ಕ ಹಾಕುತ್ತಾನೆ, ಆ ಲೆಕ್ಕದಲ್ಲಿ ಯಾವ ಟೂರ್ನಿಯೂ ಗೆಲ್ಲುವುದಿಲ್ಲ.

ಇನ್ನೊಂದು ಕೆಡುಕು ಒಳಗಿನವರಿಗಷ್ಟೇ ಗೊತ್ತು. ಮ್ಯಾಜಿಕ್‌ನ ನಿಯಮದಲ್ಲಿ ದುಡ್ಡು ಕೊಟ್ಟು ಎದುರಾಳಿಯನ್ನು ಸೋಲಿಸಿಕೊಳ್ಳುವುದು ಲಂಚ, ಸಿಕ್ಕಿಬಿದ್ದರೆ ಅನರ್ಹತೆ. ಆದರೆ ನಾಕೌಟ್‌ನ ಕೊನೆಯ ಪಂದ್ಯದಲ್ಲಿ ಇಬ್ಬರೂ ಒಪ್ಪಿ ಘೋಷಿತ ಬಹುಮಾನವನ್ನು ಹಂಚಿಕೊಂಡು ಒಬ್ಬರು ಹಿಂದೆ ಸರಿಯಬಹುದು. ಆಹ್ವಾನ ನಿನಗೆ, ಉಳಿದದ್ದೆಲ್ಲ ನನಗೆ. ಬಹುಮಾನದಲ್ಲಿ ನಗದು ಹೆಚ್ಚಿದಷ್ಟೂ ಈ ವ್ಯವಹಾರ ಸಲೀಸು. ದಿನವಿಡೀ ಹತ್ತು ಸುತ್ತು ನಡೆದ ಟೂರ್ನಿಯ ಫೈನಲ್ ಆಡದೆಯೇ ಮುಗಿಯುತ್ತದೆ; ನೋಡಲು ಉಳಿದವರು ಕುರ್ಚಿ ಮಡಚಿ ಹೋಗುತ್ತಾರೆ.

ಇಷ್ಟಾಗಿಯೂ ನಗದು ಕೇಳುವವರನ್ನು ದುರಾಸೆಯವರೆಂದು ತಳ್ಳಿಹಾಕುವುದು ಅನ್ಯಾಯ. ವಾರಾಂತ್ಯದಲ್ಲಿ ಊರೂರು ಸುತ್ತಿ ಆಡಿಯೇ ಒಂದಿಷ್ಟು ಸಂಪಾದಿಸುವ ಅರೆವೃತ್ತಿಪರರ ಸಣ್ಣ ಗುಂಪೊಂದು ಎಲ್ಲ ಆಟದಲ್ಲೂ ಇರುತ್ತದೆ. ನಗದು ಹೋದರೆ ಮೊದಲು ಹೋಗುವವರು ಅವರೇ. ಅವರಿದ್ದರೆ ಕಣದ ಮಟ್ಟ ಏರುತ್ತದೆ, ಅವರನ್ನು ಸೋಲಿಸಿದ ಹುಡುಗನಿಗೆ ಅದೊಂದು ಬಿರುದು. ಆದರೆ ಅವರಿಗೆ ಸಲ್ಲಬೇಕಾದ ದುಡ್ಡು ಮೇಲಿನ ಮೆಟ್ಟಿಲಿನಲ್ಲಿರಲಿ, ಕೆಳಗಿನದರಲ್ಲಲ್ಲ. ಉಳಿದ ಸಾಮಾನ್ಯರು ‘ನಗದೇಕೆ ಇಲ್ಲ’ ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಬಹಳ ಸಲ ಬೇರೆಯದೇ. ನಲವತ್ತು ಜನ ತಲಾ ಸಾವಿರ ಕಟ್ಟಿದರೆ ನಲವತ್ತು ಸಾವಿರ. ಗೆದ್ದವನಿಗೆ ಒಂದು ಆಹ್ವಾನ ಪತ್ರ, ಏಳೆಂಟು ಜನಕ್ಕೆ ಒಂದಿಷ್ಟು ಪ್ಯಾಕೆಟ್ಟು. ಮಿಕ್ಕದ್ದು ಎಲ್ಲಿ ಹೋಯಿತು? ಹಾಲ್ ಬಾಡಿಗೆ, ತೀರ್ಪುಗಾರರ ಸಂಭಾವನೆ, ಕರೆಂಟು ಎಲ್ಲ ಇರಬಹುದು. ಹೇಳದಿದ್ದರೆ ಯಾರಿಗೆ ಗೊತ್ತಾಗಬೇಕು?

ಹಾಗಾಗಿ ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಕಾರ್ಡ್ ಟೂರ್ನಿ ನಡೆಸಲು ಹೊರಟವರಲ್ಲಿ ಒಂದು ಕೋರಿಕೆ. ನಗದು ಇಡದಿದ್ದರೆ ಅಂಜಬೇಡಿ, ಆಟಗಾರರು ಬರುತ್ತಾರೆ. ಆದರೆ ಪ್ರವೇಶ ಶುಲ್ಕದ ಲೆಕ್ಕವನ್ನು ಪಂದ್ಯಕ್ಕೆ ಮೊದಲೇ ಗೋಡೆಗೆ ಅಂಟಿಸಿ. ಗೆದ್ದವರು ಎಷ್ಟು ಮೆಟ್ಟಿಲು ಹತ್ತಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ. ಸೋತವರ ಕೈಗೂ ಒಂದು ಪ್ಯಾಕೆಟ್ಟು ಕೊಡಿ. ಮೂರನೆಯ, ನಾಲ್ಕನೆಯ ಸ್ಥಾನಕ್ಕೆ ಪುಡಿಗಾಸು ಹಂಚುವ ಬದಲು, ಗೆದ್ದವರು ಮುಂದಿನ ಪಂದ್ಯಕ್ಕೆ ಹೋಗಿಬರುವ ರೈಲಿನ ಟಿಕೆಟ್ಟಿಗೂ ಎರಡು ರಾತ್ರಿಯ ವಸತಿಗೂ ಬೇಕಾದ ದುಡ್ಡನ್ನು ಎಲ್ಲಕ್ಕಿಂತ ಮೊದಲು ತೆಗೆದಿಡಿ.